ಸ್ನೋಮೊಬೈಲ್ ಮೇಲೆ ಸ್ಕೀ, ಸ್ನೋಬೋರ್ಡ್ ಕಟ್ಟಿಕೊಂಡು ಬೆಟ್ಟದೊಳಗೆ: ಊರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿರಸಿ ಕಡೆಯವನು. ಕೆಲಸದ ಮೇಲೆ ಕ್ಯಾನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಒಂಬತ್ತು ಚಳಿಗಾಲ ಕಳೆದೆ. ಈಗ ಊರಲ್ಲಿ ತೋಟ ನೋಡಿಕೊಂಡಿದ್ದೇನೆ. ಶಿರಸಿ, ಯಲ್ಲಾಪುರ, ಕುಮಟಾ, ಕಾರವಾರದ ಹುಡುಗರು ಹುಡುಗಿಯರು ಓದಲಿಕ್ಕೆ, ಕೆಲಸಕ್ಕೆ ಅಂತ ವ್ಯಾಂಕೂವರ್, ಕ್ಯಾಲ್ಗರಿ ಕಡೆ ಹೋಗುತ್ತಿದ್ದಾರೆ. ಎರಡನೇ ಚಳಿಗಾಲಕ್ಕೆ ಸ್ಕೀ, ಅಂದರೆ ಎರಡು ಕಾಲಿಗೂ ಉದ್ದದ ಹಲಗೆ ಹಾಕಿಕೊಂಡು ಹಿಮದ ಮೇಲೆ ಜಾರುವುದನ್ನು, ಕಲಿಯುತ್ತಾರೆ. ಎರಡೂ ಕಾಲಿಗೆ ಸೇರಿ ಒಂದೇ ಅಗಲದ ಹಲಗೆಯಾದರೆ ಅದು ಸ್ನೋಬೋರ್ಡ್. ಮೂರನೆಯದಕ್ಕೆ ಯಾರೋ ಗೆಳೆಯ "ಬಾ, ಗಾಡಿ ಮೇಲೆ ಒಳಗೆ ಹೋಗೋಣ" ಅನ್ನುತ್ತಾನೆ. ಆಗ ನನಗೆ ಫೋನ್ ಬರುತ್ತದೆ. ಕೆಲವು ಸಲ ಅವರ ಅಪ್ಪ ಅಮ್ಮನೇ ಮನೆಗೆ ಬಂದು ಕೇಳುತ್ತಾರೆ. ಹಾಗೆ ಬಂದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ಸ್ನೋಮೊಬೈಲ್ ಅಂದ್ರೆ ಏನು? ಸ್ಕೀ ಮಾಡುವವರಿಗೆ ಅದು ಯಾಕೆ ಬೇಕು?

ಹಿಮದ ಮೇಲೆ ಓಡುವ ಬೈಕ್ ಅಂದುಕೊಳ್ಳಿ. ಮುಂದೆ ಚಕ್ರದ ಬದಲು ಎರಡು ಜಾರುಪಟ್ಟಿ. ಹಿಂದೆ ಟ್ಯಾಂಕ್ ಬೆಲ್ಟಿನ ಹಾಗೆ ಸುತ್ತುವ ಒಂದು ಅಗಲದ ರಬ್ಬರ್ ಪಟ್ಟಿ. ಅದಕ್ಕೆ ಟ್ರ್ಯಾಕ್ ಅನ್ನುತ್ತಾರೆ. ಅದರ ಮೈತುಂಬ ಎರಡೂವರೆ ಮೂರು ಇಂಚಿನ ರಬ್ಬರ್ ಹಲ್ಲುಗಳು. ಟ್ರ್ಯಾಕ್ ಮೇಲೆ ಕವುಚಿದ ಅಲ್ಯೂಮಿನಿಯಂ ಮುಚ್ಚಳಕ್ಕೆ ಟನಲ್ ಅಂತ ಹೆಸರು. ಈ ಎರಡು ಹೆಸರು ನೆನಪಿಡಿ, ಮುಂದೆ ಮತ್ತೆ ಮತ್ತೆ ಬರುತ್ತವೆ. ಗಾಡಿಯ ತೂಕ 200 ಕಿಲೋ ದಾಟುತ್ತದೆ. ಕ್ಯಾನಡಾದ ಬೊಂಬಾರ್ಡಿಯೇ ಕಂಪನಿ 1959ರಲ್ಲಿ ಸ್ಕೀ-ಡೂ ಅನ್ನುವ ಸಣ್ಣ ಗಾಡಿ ಮಾರಾಟಕ್ಕೆ ತಂದ ಮೇಲೆ ಇದು ಸಾಮಾನ್ಯ ಜನರ ಕೈಗೆ ಬಂತು.

ಅಲ್ಲಿ ಮರ ಸಾಗಿಸಲಿಕ್ಕೆ ಮಾಡಿದ ಕಾಡು ರಸ್ತೆಗಳಿರುತ್ತವೆ. ಚಳಿಗಾಲದಲ್ಲಿ ಅವುಗಳ ಹಿಮ ಯಾರೂ ತೆಗೆಯುವುದಿಲ್ಲ. ಒಳ್ಳೆಯ ಇಳಿಜಾರು ಇರುವುದು ಅಂಥ ರಸ್ತೆಯ 15, 20 ಕಿಲೋಮೀಟರ್ ಒಳಗೆ. ಸ್ಕೀ ಅಡಿಗೆ ಹತ್ತುಪಟ್ಟಿ, ಅಂದರೆ ಏರು ಹತ್ತುವಾಗ ಹಿಂದಕ್ಕೆ ಜಾರದಂತೆ ತಡೆಯುವ ಪಟ್ಟಿ, ಅಂಟಿಸಿಕೊಂಡು ನಡೆದರೆ ಗಂಟೆಗೆ ಮೂರ್ನಾಲ್ಕು ಕಿಲೋಮೀಟರ್. ಅಲ್ಲಿಗೆ ತಲುಪುವಾಗಲೇ ದಿನ ಮುಗಿದಿರುತ್ತದೆ. ಗಾಡಿಯಲ್ಲಿ ಒಂದು ಗಂಟೆಯೊಳಗೆ ಹೋಗಬಹುದು. ಆಮೇಲೆ ಗಾಡಿ ನಿಲ್ಲಿಸಿ, ಹಲಗೆ ಬಿಚ್ಚಿ, ಕಾಲಿಗೆ ಹಾಕಿಕೊಂಡು ಹತ್ತಿ ಇಳಿಯುವುದು.

ಸ್ಕೀ, ಬೋರ್ಡನ್ನು ಗಾಡಿಯ ಯಾವ ಜಾಗದಲ್ಲಿ ಕಟ್ಟಬೇಕು?

ಸೀಟಿನ ಹಿಂದೆ, ಟನಲ್ ಮೇಲೆ. ಬೇರೆ ಜಾಗ ಹುಡುಕಬೇಡಿ. ಕಾರಣ ಗೊತ್ತಾದರೆ ಉಳಿದದ್ದೆಲ್ಲ ನಿಮಗೇ ಹೊಳೆಯುತ್ತದೆ.

ಬೆಟ್ಟದಲ್ಲಿ ಸ್ನೋಮೊಬೈಲನ್ನು ಕೂತು ಓಡಿಸುವುದು ಕಡಿಮೆ, ನಿಂತು ಓಡಿಸುವುದೇ ಜಾಸ್ತಿ. ಇಳಿಜಾರಿಗೆ ಅಡ್ಡ ಹೋಗುವಾಗ ಎರಡೂ ಕಾಲನ್ನು ಒಂದೇ ಪಕ್ಕದ ಮೆಟ್ಟಿಲ ಮೇಲೆ ಇಟ್ಟು, ಮೈಭಾರ ಹಾಕಿ ಗಾಡಿಯನ್ನು ವಾಲಿಸಬೇಕು. ತಿರುವು ಬಂದ ಕೂಡಲೇ ಆ ಪಕ್ಕದಿಂದ ಈ ಪಕ್ಕಕ್ಕೆ ಜಿಗಿಯಬೇಕು. ಸೀಟಿನ ಮೇಲೆ ಅಡ್ಡ ಹಲಗೆ ಇದ್ದರೆ ಕಾಲು ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಕ್ಷಣಕ್ಕೆ ಗಾಡಿ ಕೈ ತಪ್ಪುತ್ತದೆ.

ಹಾಗಂತ ತೀರ ಹಿಂದಕ್ಕೂ ಕಟ್ಟಬಾರದು. ಬೈಕಿನ ಕ್ಯಾರಿಯರ್ ಮೇಲೆ ಅಡಿಕೆ ಚೀಲ ಹೇರಿಕೊಂಡು ದೇವಿಮನೆ ಘಟ್ಟ ಹತ್ತಿದವರಿಗೆ ಇದು ಗೊತ್ತು. ಚೀಲ ಒಂದು ಗೇಣು ಹಿಂದೆ ಸರಿದರೆ ಸಾಕು, ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಮಾತು ಕೇಳುವುದಿಲ್ಲ. ಇಲ್ಲೂ ಅಷ್ಟೇ. ಭಾರ ಹಿಂದಕ್ಕೆ ಹೋದಷ್ಟೂ ಮುಂದಿನ ಜಾರುಪಟ್ಟಿಗಳು ಏಳುತ್ತವೆ, ಗಾಡಿ ತಿರುಗುವುದಿಲ್ಲ. ಹಿಂದಿನ ಭಾಗ ಹಿಮದೊಳಗೆ ಕುಸಿಯುತ್ತದೆ. ಪೆಟ್ರೋಲ್ ಕ್ಯಾನಿನಂಥ ಭಾರದ ಸಾಮಾನು ಸೀಟಿಗೆ ತಾಗಿ, ಕೆಳಗೆ ಇರಲಿ. ಹಗುರದ್ದು ಅದರ ಹಿಂದೆ, ಮೇಲೆ.

ಇನ್ನು ಉದ್ದ. ಸ್ಕೀ 170ರಿಂದ 190 ಸೆಂಟಿಮೀಟರ್ ಇರುತ್ತದೆ. ಸೀಟಿನ ಹಿಂದೆ ಸಿಗುವ ಜಾಗ ಅದರ ಅರ್ಧವೂ ಇಲ್ಲದಿರಬಹುದು. ಮಲಗಿಸಿ ಕಟ್ಟಿದರೆ ಬಾಲ ಹೊರಗೆ ಚಾಚುತ್ತದೆ. ಕಡಿದಾದ ಜಾಗದಲ್ಲಿ ಗಾಡಿಯ ಹಿಂಭಾಗ ಹೂತಾಗ ಆ ಬಾಲ ಹಿಮಕ್ಕೆ ಚುಚ್ಚಿಕೊಳ್ಳುತ್ತದೆ. ರಿವರ್ಸ್ ತೆಗೆಯುವಾಗ ಮುರಿದೇ ಹೋಗಬಹುದು. ಅದಕ್ಕೇ ಸ್ಕೀಗಳನ್ನು ಓರೆಯಾಗಿ ಕಟ್ಟುತ್ತಾರೆ. ಮುಂದಿನ ಕೊನೆ ಕೆಳಗೆ, ಹಿಂದಿನ ಕೊನೆ ಮೇಲಕ್ಕೆ ಎದ್ದಿರುವಂತೆ. ಅಗಲಕ್ಕೂ ಒಂದು ಮಿತಿ ಇದೆ. ಕಟ್ಟಿದ ಹೊರೆ ಗಾಡಿಯ ಮುಂದಿನ ಎರಡು ಜಾರುಪಟ್ಟಿಗಳ ಅಗಲದೊಳಗೇ ಇರಬೇಕು. ಗಾಡಿ ನುಸುಳುವ ಸಂದಿಯಲ್ಲಿ ಹೊರೆಯೂ ನುಸುಳಬೇಕಲ್ವಾ? ನಮ್ಮಲ್ಲಿ ಅಡಿಕೆ ಕೊನೆ ಕೊಯ್ಯುವವರು ಉದ್ದದ ದೋಟಿಯನ್ನು ಬೈಕಿಗೆ ಕಟ್ಟುವಾಗ ಅಡ್ಡ ಕಟ್ಟುತ್ತಾರಾ? ಉದ್ದಕ್ಕೇ ಕಟ್ಟುತ್ತಾರೆ. ತಿರುವಿನಲ್ಲಿ ಅದರ ತುದಿ ಎಲ್ಲಿ ಬೀಸುತ್ತದೆ ಅನ್ನುವ ಲೆಕ್ಕ ಅವರ ತಲೆಯಲ್ಲಿ ಇರುತ್ತದೆ. ಅದೇ ಲೆಕ್ಕ ಇಲ್ಲೂ ಬೇಕು.

ಬೆನ್ನಿನ ಚೀಲಕ್ಕೆ ಸಿಕ್ಕಿಸಿಕೊಂಡರೆ ಆಗಲ್ವಾ? ವಿಡಿಯೋದಲ್ಲಿ ಹಾಗೆ ಮಾಡ್ತಾರೆ.

ಮಾಡುತ್ತಾರೆ, ನಾನೂ ನೋಡಿದ್ದೇನೆ. ನೀವು ಮಾಡಬೇಡಿ. ಸ್ಕೀ ಮತ್ತು ಬೋರ್ಡಿನ ಅಂಚಿಗೆ ಉಕ್ಕಿನ ಪಟ್ಟಿ ಇರುತ್ತದೆ. ಮೆಟ್ಟುಗತ್ತಿಯಷ್ಟು ಹರಿತವಲ್ಲ, ಆದರೆ ಚರ್ಮ ಸೀಳಲಿಕ್ಕೆ ಸಾಕು. ಗಾಡಿ ಉಬ್ಬು ಹಾರಿದಾಗ ಆ ಅಂಚು ನಿಮ್ಮ ಕುತ್ತಿಗೆಯ ಹಿಂದೆ ಕುಣಿಯುತ್ತಿರುತ್ತದೆ. ತಲೆಗಿಂತ ಎತ್ತರಕ್ಕೆ ಚಾಚಿದ ತುದಿಗಳು ಮರದ ಕೊಂಬೆಗೆ ಸಿಕ್ಕಿದರೆ ನಿಮ್ಮನ್ನು ಹಿಂದಕ್ಕೆ ಎಳೆದು ಕೆಡವುತ್ತವೆ. ಹಿಮಕುಸಿತಕ್ಕೆ ಸಿಕ್ಕಾಗ ಉಬ್ಬಿಕೊಳ್ಳುವ ಗಾಳಿಚೀಲ ಬೆನ್ನಲ್ಲಿದ್ದರೆ, ಅದು ತೆರೆದುಕೊಳ್ಳುವ ಜಾಗಕ್ಕೂ ಈ ಹಲಗೆಗಳು ಅಡ್ಡ ಬರಬಹುದು.

ಗಾಡಿ ಓಡಿಸುವಾಗ ಬೆನ್ನಲ್ಲಿ ಏನಿರಬೇಕು ಅನ್ನುವುದು ಬೇರೆಯೇ ಪ್ರಶ್ನೆ. ಅದು ಮುಂದೆ ಬರುತ್ತದೆ.

ಪ್ರತ್ಯೇಕ ಕ್ಯಾರಿಯರ್ ಕೊಳ್ಳಲೇಬೇಕಾ?

ವರ್ಷಕ್ಕೆ ಒಂದೆರಡು ಸಲ, ಗೆಳೆಯನ ಗಾಡಿಯಲ್ಲಿ ಹೋಗುವುದಾದರೆ ಬೇಡ. ಅವನ ಕ್ಯಾರಿಯರ್ ಇರುತ್ತದೆ. ಸ್ವಂತ ಗಾಡಿ ತೆಗೆದುಕೊಂಡರೆ ಮಾತ್ರ ಮೊದಲ ದಿನದಿಂದಲೇ ಹಾಕಿಸಿ. ಸ್ಕೀ-ಡೂ ಗಾಡಿಗೆ ಲಿಂಕ್ ಅನ್ನುವ ವ್ಯವಸ್ಥೆ ಇದೆ. ಟನಲ್‌ನಲ್ಲಿ ಕೊಂಡಿ ಕೂರುವ ತೂತುಗಳಿರುತ್ತವೆ, ತಿರುಗಿಸಿದರೆ ಸಾಮಾನು ಬಿಗಿಯಾಗುತ್ತದೆ. ಪೊಲಾರಿಸ್ ಕಂಪನಿಯ ಗಾಡಿಗೆ ಅದರದೇ ಬಗೆ. ಸ್ಕೀ, ಬೋರ್ಡಿಗೆಂದೇ ಅಲ್ಯೂಮಿನಿಯಂ ಕ್ಯಾರಿಯರ್ ಮಾಡುವ ಸಣ್ಣ ಕಂಪನಿಗಳೂ ಇವೆ. ನಿಮ್ಮ ಗಾಡಿಯ ಟನಲ್ ಉದ್ದಕ್ಕೆ ಹೊಂದುವುದನ್ನೇ ತರಬೇಕು. ಎಷ್ಟು ಭಾರ ತಡೆಯುತ್ತದೆ ಅಂತ ಬರೆದಿರುತ್ತಾರೆ. ಅದನ್ನು ಓದಿ, ಅದಕ್ಕಿಂತ ಕಡಿಮೆಯೇ ಹೇರಿ.

ಟನಲ್‌ಗೆ ನೀವೇ ತೂತು ಕೊರೆಯುವ ಮೊದಲು ತಿಳಿದವರನ್ನು ಕೇಳಿ. ಎಷ್ಟೋ ಗಾಡಿಗಳಲ್ಲಿ ಎಂಜಿನ್ ತಣಿಸುವ ನೀರು ಓಡಾಡುವುದು ಆ ತಗಡಿನ ಅಡಿಯಲ್ಲೇ.

ಅಂದ್ರೆ ಕಟ್ಟಿದ ಹೊರೆಯಿಂದ ಎಂಜಿನ್ ಬಿಸಿಯಾಗುತ್ತದಾ?

ಹೊರೆಯಿಂದ ಅಲ್ಲ. ಟ್ರ್ಯಾಕ್ ಎರಚುವ ಹಿಮ ಟನಲ್ ಒಳಮೈಗೆ ಬಡಿದು ಆ ನೀರನ್ನು ತಣಿಸುತ್ತದೆ. ಗಟ್ಟಿ ಮಂಜುಗಡ್ಡೆಯ ರಸ್ತೆಯಲ್ಲಿ ಎರಚಲಿಕ್ಕೆ ಸಡಿಲ ಹಿಮ ಇರುವುದಿಲ್ಲ. ಆಗ ಬಿಸಿಯಾಗುತ್ತದೆ. ರಸ್ತೆಯ ಅಂಚಿನ ಮೆತ್ತನೆ ಹಿಮಕ್ಕೆ ಸ್ವಲ್ಪ ಇಳಿಸಿ ಓಡಿಸಿದರೆ ಸರಿಹೋಗುತ್ತದೆ.

ಕಟ್ಟಲಿಕ್ಕೆ ಯಾವ ಹಗ್ಗ ಒಳ್ಳೇದು? ನಮ್ಮ ಟ್ಯೂಬ್ ಪಟ್ಟಿ ನಡೆಯುತ್ತದಾ?

ಹಳೆಯ ಟಯರ್ ಟ್ಯೂಬ್ ಸೀಳಿ ಮಾಡಿದ ಪಟ್ಟಿಯಿಂದ ನಾವು ಹುಲ್ಲಿನ ಹೊರೆಯಿಂದ ಹಿಡಿದು ಗ್ಯಾಸ್ ಸಿಲಿಂಡರ್‌ವರೆಗೆ ಎಲ್ಲ ಕಟ್ಟಿದ್ದೇವೆ. ನಮ್ಮೂರಿನಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅಲ್ಲಿಯ ಮೈನಸ್ 20 ಡಿಗ್ರಿಯಲ್ಲಿ ರಬ್ಬರ್ ಬಿರುಸಾಗುತ್ತದೆ, ಹಿಡಿತ ಬಿಡುತ್ತದೆ. ಎರಡು ಕಡೆ ಕೊಕ್ಕೆ ಇರುವ ಎಲಾಸ್ಟಿಕ್ ಹಗ್ಗ ಇನ್ನೂ ಕೆಟ್ಟದ್ದು. ಪ್ರತಿ ಉಬ್ಬಿಗೂ ಹಿಗ್ಗುತ್ತದೆ. ಹಿಗ್ಗಿದಾಗ ಹಲಗೆ ಅಲುಗುತ್ತದೆ, ಉಕ್ಕಿನ ಅಂಚು ಅದನ್ನೇ ತಿನ್ನುತ್ತದೆ.

ಸ್ಕೀ ಕಟ್ಟಲಿಕ್ಕೆಂದೇ ಪಾಲಿಯುರೆಥೇನ್ ಪಟ್ಟಿಗಳು ಸಿಗುತ್ತವೆ. ಬೆಲ್ಟಿನ ಹಾಗೆ ತೂತು, ಒಂದು ಬಕಲ್. ಚಳಿಗೆ ಬಿರುಸಾಗುವುದಿಲ್ಲ. ಕೈಗವಸು ಹಾಕಿಕೊಂಡೇ ಬಿಗಿಯಬಹುದು, ಬಿಚ್ಚಬಹುದು. ನಾಲ್ಕು ಬೇಕಿದ್ದರೆ ಆರು ತನ್ನಿ. ಹೆಚ್ಚಿನ ಎರಡು ಯಾವಾಗಲೂ ಉಪಯೋಗಕ್ಕೆ ಬರುತ್ತವೆ, ಮುರಿದ ಬೈಂಡಿಂಗ್ (ಬೂಟನ್ನು ಹಲಗೆಗೆ ಹಿಡಿಸುವ ಕೊಂಡಿ) ಕಟ್ಟಲಿಕ್ಕೂ ಆಗುತ್ತದೆ.

ಕನಿಷ್ಠ ಎರಡು ಕಡೆ ಕಟ್ಟಬೇಕು. ಒಂದು ಬೈಂಡಿಂಗ್ ಮುಂದೆ, ಇನ್ನೊಂದು ಹಿಂದೆ. ಆಗ ಪಟ್ಟಿ ಸ್ವಲ್ಪ ಸಡಿಲಾದರೂ ಬೈಂಡಿಂಗ್ ತಡೆದು ಹಲಗೆ ಜಾರುವುದಿಲ್ಲ. ಪಟ್ಟಿಯ ಉಳಿದ ತುದಿಯನ್ನು ಸಿಕ್ಕಿಸಿಡಿ, ನೇತಾಡಲು ಬಿಡಬೇಡಿ. ನನ್ನ ಮೂರನೇ ಚಳಿಗಾಲದಲ್ಲಿ ಒಂದು ಪಟ್ಟಿಯ ತುದಿ ಟ್ರ್ಯಾಕಿಗೆ ಸಿಕ್ಕಿತು. ಒಂದೇ ಕ್ಷಣ. ಪಟ್ಟಿಯ ಜೊತೆ ಸ್ಕೀಯ ಬಾಲವನ್ನೂ ಒಳಗೆ ಎಳೆದುಕೊಂಡು ಟ್ರ್ಯಾಕ್ ನಿಂತುಹೋಯಿತು. ಗೆಳೆಯರು ಮಂಡಿಯೂರಿ ಕೂತು ಮುಕ್ಕಾಲು ಗಂಟೆ ಬಿಡಿಸಿದರು. ಸ್ಕೀ ಎರಡು ಹೋಳು. ಆ ದಿನ ನಾನು ಗಾಡಿಯ ಹತ್ತಿರವೇ ಕಾದೆ.

ಹೊರಟ ಹತ್ತು ನಿಮಿಷದ ಮೇಲೆ ಒಮ್ಮೆ ನಿಲ್ಲಿಸಿ, ಕೈಯಿಂದ ಅಲ್ಲಾಡಿಸಿ ನೋಡಿ. ಹೊಸ ಕಟ್ಟು ಮೊದಲ ಹತ್ತು ನಿಮಿಷದಲ್ಲೇ ಕೂರುವುದು. ಮೀನಿನ ಪೆಟ್ಟಿಗೆ ಹೇರಿಕೊಂಡು ಕಾರವಾರದಿಂದ ಹೊರಡುವ ಟೆಂಪೋದವರು ಊರು ದಾಟಿದ ಮೇಲೆ ಒಮ್ಮೆ ಇಳಿದು ಹಗ್ಗ ನೋಡುತ್ತಾರಲ್ಲ, ಅದೇ ಅಭ್ಯಾಸ.

ಸ್ಕೀ ಕಟ್ಟುವುದಕ್ಕೂ ಸ್ನೋಬೋರ್ಡ್ ಕಟ್ಟುವುದಕ್ಕೂ ವ್ಯತ್ಯಾಸ ಇದೆಯಾ?

ಬೋರ್ಡ್ ಸುಲಭ. 150ರಿಂದ 165 ಸೆಂಟಿಮೀಟರ್, ಅಗಲ, ಒಂದೇ ತುಂಡು. ಕ್ಯಾರಿಯರ್ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಬೈಂಡಿಂಗ್‌ನ ಬೆನ್ನುಪಟ್ಟಿ ಮಡಚಿಬಿಡಿ, ಇಲ್ಲದಿದ್ದರೆ ಗಾಳಿಗೂ ಕೊಂಬೆಗೂ ಸಿಗುತ್ತದೆ. ಸ್ಕೀಗಳನ್ನು ಅಡಿಗೆ ಅಡಿ ಸೇರಿಸಿ ಮೊದಲು ಒಂದಕ್ಕೊಂದು ಕಟ್ಟಿ, ಆಮೇಲೆ ಆ ಜೋಡಿಯನ್ನು ಗಾಡಿಗೆ ಕಟ್ಟಿ. ಎರಡನ್ನೂ ಬಿಡಿಬಿಡಿಯಾಗಿ ಕಟ್ಟಿದರೆ ಅಂಚುಗಳು ಒಂದನ್ನೊಂದು ಉಜ್ಜಿ ಹಾಳಾಗುತ್ತವೆ. ಕೈಯಲ್ಲಿ ಹಿಡಿಯುವ ಸ್ಕೀ ಕೋಲುಗಳನ್ನು ಗಿಡ್ಡ ಮಾಡಿ ಅದೇ ಜೋಡಿಯೊಳಗೆ ಸೇರಿಸಿ.

ಇಳಿದು ನೋಡಿದರೆ ಬೈಂಡಿಂಗ್ ಒಳಗೆಲ್ಲ ಮಂಜುಗಡ್ಡೆ. ಏನು ಮಾಡುವುದು?

ಟ್ರ್ಯಾಕ್ ಎರಚಿದ ಹಿಮಪುಡಿ ಬಂದು ಕೂರುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಬೈಂಡಿಂಗ್ ಮೇಲೆ ಒಂದು ದಪ್ಪ ಬಟ್ಟೆಯ ಚೀಲ ಹಾಕಿ ಕಟ್ಟಿದರೆ ಅರ್ಧ ತೊಂದರೆ ತಪ್ಪುತ್ತದೆ. ಕೆರೆಯಲಿಕ್ಕೆ ಒಂದು ಪ್ಲಾಸ್ಟಿಕ್ ತುಂಡು ಜೇಬಿನಲ್ಲಿ ಇರಲಿ. ಹತ್ತುಪಟ್ಟಿಗಳನ್ನು ಗಾಡಿ ಮೇಲೆ ಇಡಲೇಬೇಡಿ, ಜಾಕೆಟ್ ಒಳಗಿಡಿ. ಅವುಗಳ ಅಂಟಿಗೆ ಹಿಮ ಹತ್ತಿದರೂ ಹೋಯಿತು, ಪೆಟ್ರೋಲ್ ಸೋಕಿದರೂ ಹೋಯಿತು.

ಸಲಿಕೆ, ಹುಡುಕುವ ಕೋಲು, ಬೀಕನ್ ಎಲ್ಲ ಗಾಡಿಯ ಚೀಲದಲ್ಲಿ ಹಾಕಿದರೆ ಹಗುರ ಅಲ್ವಾ?

ಈ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಕೊಡುತ್ತೇನೆ. ಉಳಿದ ಎಲ್ಲ ಮರೆತರೂ ಇದೊಂದು ನೆನಪಿರಲಿ.

ಬೆಟ್ಟದಲ್ಲಿ ಹಿಮ ಪದರ ಪದರವಾಗಿ ಕೂರುತ್ತದೆ. ಒಳಗಿನ ಒಂದು ಪದರ ದುರ್ಬಲವಾಗಿದ್ದರೆ ಮೇಲಿನದ್ದೆಲ್ಲ ಒಮ್ಮೆಲೇ ಜಾರುತ್ತದೆ. 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಇದು ಹೆಚ್ಚು. ಸ್ಕೀ ಮಾಡಲಿಕ್ಕೆ ನಾವು ಹುಡುಕಿಕೊಂಡು ಹೋಗುವುದೂ ಅಂಥದ್ದೇ ಇಳಿಜಾರು. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ನಾವು ಯಾರೂ ಮರೆತಿಲ್ಲ. ಕುಸಿತದಡಿ ಸಿಕ್ಕವರನ್ನು ಹುಡುಕುವುದು ಎಂಥ ಕಷ್ಟ ಅಂತ ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಿಮದಡಿ ಸಿಕ್ಕವರಿಗೆ ಇರುವುದು ನಿಮಿಷಗಳ ಲೆಕ್ಕ. ಮೊದಲ ಹತ್ತು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ. ಅರ್ಧ ಗಂಟೆಯಾದರೆ ಮೂವರಲ್ಲಿ ಒಬ್ಬರು. ಹೊರಗಿನಿಂದ ಹೆಲಿಕಾಪ್ಟರ್ ಬರುವಷ್ಟರಲ್ಲಿ ಸಮಯ ಮೀರಿರುತ್ತದೆ. ತೆಗೆಯುವವರು ನಿಮ್ಮ ಜೊತೆ ಬಂದವರೇ.

ಬೀಕನ್ ಅಂದರೆ 457 ಕಿಲೋಹರ್ಟ್ಸ್‌ನಲ್ಲಿ ಸದಾ ಸಂಕೇತ ಬಿಡುವ ಸಣ್ಣ ಯಂತ್ರ. ಅದರಿಂದ ಹೂತವರ ಜಾಗ ಹುಡುಕಬೇಕು, ಉದ್ದದ ಕೋಲಿನಿಂದ ಚುಚ್ಚಿ ಖಚಿತ ಮಾಡಬೇಕು, ಸಲಿಕೆಯಿಂದ ತೋಡಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಉಳಿದ ಎರಡು ವ್ಯರ್ಥ.

ಈಗ ಯೋಚಿಸಿ. ಹಿಮ ಕುಸಿದಾಗ ನೀವು ಗಾಡಿಯಿಂದ ಹಾರಿ ಬೀಳುತ್ತೀರಿ. ಗಾಡಿ ಎಲ್ಲೋ, ನೀವು ಎಲ್ಲೋ. ಅಥವಾ ಗಾಡಿ ಕೆಳಗೆ ನಿಲ್ಲಿಸಿ ನೀವು ಎರಡು ಗಂಟೆ ಹತ್ತಿ ಮೇಲೆ ಹೋಗಿರುತ್ತೀರಿ. ಸಲಿಕೆ ಗಾಡಿಯಲ್ಲಿದ್ದರೆ ಅದು ಮನೆಯಲ್ಲಿದ್ದ ಹಾಗೆಯೇ. ನಮ್ಮ ಗುಂಪಿನ ಒಬ್ಬನ ಗಾಡಿ ಒಮ್ಮೆ ಕಣಿವೆಗೆ ಉರುಳಿತು. ಅವನು ಮೇಲೇ ಹಾರಿಕೊಂಡದ್ದರಿಂದ ಏನೂ ಆಗಲಿಲ್ಲ. ಅವನ ಸಲಿಕೆ, ಕೋಲು, ಒಣ ಕೈಗವಸು, ಎಲ್ಲವೂ ಗಾಡಿಯ ಜೊತೆ ಇನ್ನೂರು ಅಡಿ ಕೆಳಗೆ ಹೋದವು. ಮುಂದಿನ ನಾಲ್ಕು ಗಂಟೆ ನಾವು ಆರು ಜನ ಇದ್ದೆವು, ಸಲಿಕೆ ಐದೇ ಇದ್ದವು. ಅವತ್ತು ನಾನು ಹೆದರಿದಷ್ಟು ಯಾವತ್ತೂ ಹೆದರಿಲ್ಲ. ಆಮೇಲೆ ನಮ್ಮ ಗುಂಪಿನಲ್ಲಿ ಗಾಡಿ ಶುರು ಮಾಡುವ ಮೊದಲು ಒಬ್ಬರ ಬೆನ್ನು ಒಬ್ಬರು ಮುಟ್ಟಿ ನೋಡುತ್ತಿದ್ದೆವು. ಸಲಿಕೆಯ ಹಿಡಿ ಕೈಗೆ ತಾಗಬೇಕು.

ಬೀಕನ್ ಎದೆಗೆ, ಅಂಗಿಯ ಒಳಪದರದ ಮೇಲೆ. ಸಲಿಕೆ, ಕೋಲು ಬೆನ್ನಿನ ಚೀಲದಲ್ಲಿ. ಬೆಳಿಗ್ಗೆ ಹಾಕಿಕೊಂಡರೆ ಸಂಜೆ ಕಾರು ಹತ್ತುವಾಗಲೇ ತೆಗೆಯುವುದು. ಫೋನ್ ಬೀಕನ್ನಿನಿಂದ 20 ಸೆಂಟಿಮೀಟರ್ ದೂರ ಇರಲಿ. ಹುಡುಕುವಾಗ 50. ಬಿಸಿ ಕೈಗವಸಿನ ಬ್ಯಾಟರಿಗೂ ಇದೇ ನಿಯಮ. ಹುಡುಕುವಾಗ ಹತ್ತಿರದ ಗಾಡಿಗಳ ಎಂಜಿನ್ ಆರಿಸಿಬಿಡಿ, ಅದೂ ಸಂಕೇತ ಕೆಡಿಸುತ್ತದೆ.

ಒಂದೇ ಗಾಡಿಯಲ್ಲಿ ಇಬ್ಬರು, ಇಬ್ಬರ ಸ್ಕೀ. ಆಗುತ್ತದಾ?

ಅಗಲದ, ಚಪ್ಪಟೆ ಕಾಡು ರಸ್ತೆಯಲ್ಲಿ ಆಗುತ್ತದೆ. ಬೆಟ್ಟದ ಗಾಡಿಗಳ ಸೀಟು ಒಬ್ಬರಿಗೇ ಮಾಡಿದ್ದು. ರೂಢಿಯಾದವರು ಇಬ್ಬರೂ ನಿಂತು, ಒಬ್ಬರು ಈ ಕಡೆ ಒಬ್ಬರು ಆ ಕಡೆ ಭಾರ ಹಾಕಿ ಓಡಿಸುತ್ತಾರೆ. ಕಲಿಯಲಿಕ್ಕೆ ಸಮಯ ಬೇಕು.

ಇನ್ನೊಂದು ದಾರಿ, ಹಿಂದೆ ಹಗ್ಗ ಹಿಡಿದು ಸ್ಕೀ ಮೇಲೆ ಎಳೆಸಿಕೊಳ್ಳುವುದು. ಚಿಕ್ಕವರಿದ್ದಾಗ ಅಡಿಕೆ ಹಾಳೆಯ ಮೇಲೆ ಕೂರಿಸಿ ಅಂಗಳದ ತುಂಬ ಎಳೆಯುತ್ತಿದ್ದರಲ್ಲ, ಅದೇ ಆಟ, ವೇಗ ಮಾತ್ರ ಜಾಸ್ತಿ. ಹಗ್ಗವನ್ನು ಸೊಂಟಕ್ಕಾಗಲಿ ಕೈಗಾಗಲಿ ಯಾವತ್ತೂ ಕಟ್ಟಿಕೊಳ್ಳಬೇಡಿ. ಬಿದ್ದ ಕೂಡಲೇ ಕೈಬಿಟ್ಟು ಹೋಗಬೇಕು. ಓಡಿಸುವವನಿಗೆ ಹಿಂದಿನವರ ಕೂಗು ಕೇಳುವುದಿಲ್ಲ, ಆಗಾಗ ತಿರುಗಿ ನೋಡುತ್ತಿರಬೇಕು. ಸ್ನೋಬೋರ್ಡಿನವರಿಗೆ ಇದು ಕಷ್ಟ. ಪಕ್ಕಕ್ಕೆ ತಿರುಗಿ ನಿಂತು ಅರ್ಧ ಗಂಟೆ ಎಳೆಸಿಕೊಂಡರೆ ತೊಡೆ ಸೋತುಹೋಗುತ್ತದೆ.

ಸ್ಕೀ ಬೂಟಿನಲ್ಲೇ ಗಾಡಿ ಓಡಿಸಬಹುದಾ?

ನಡೆಯುವ ಸ್ಥಿತಿಗೆ ಸಡಿಲಿಸುವ ಬೂಟಾದರೆ ಓಡಿಸಬಹುದು, ಬಹಳ ಜನ ಹಾಗೇ ಮಾಡುತ್ತಾರೆ. ಮೆಟ್ಟಿಲ ಮೇಲೆ ಜಾರುತ್ತದೆ, ಜಾಗ್ರತೆ. ದೂರದ ದಾರಿಗೆ ನಾನು ಬೇರೆ ಬೂಟು ಹಾಕಿ, ಸ್ಕೀ ಬೂಟನ್ನು ಚೀಲದಲ್ಲಿ ಒಯ್ಯುತ್ತಿದ್ದೆ. ಪೆಟ್ರೋಲ್ ಕ್ಯಾನ್ ಪಕ್ಕದಲ್ಲಿ ಮಾತ್ರ ಇಡಬೇಡಿ.

ಗಾಡಿ ಎಲ್ಲಿ ನಿಲ್ಲಿಸಬೇಕು?

ಹಿಮ ಕುಸಿದರೆ ಬಂದು ಬೀಳುವ ಜಾಗದಲ್ಲಿ ಬೇಡ. ಕುಸಿತದ ದಾರಿಯಲ್ಲಿ ಮರಗಳು ಇರುವುದಿಲ್ಲ, ಇದ್ದರೂ ಎಳೆಯವು, ಕೊಂಬೆ ಮುರಿದವು. ಅಂಥ ಪಟ್ಟೆ ಕಂಡರೆ ದಾಟಿ ಮುಂದೆ ಹೋಗಿ. ಮೂತಿ ವಾಪಸು ದಾರಿಯ ಕಡೆ ತಿರುಗಿಸಿಯೇ ಎಂಜಿನ್ ಆರಿಸಿ. ಸಂಜೆ ಬರುವಾಗ ಕೈ ಮರಗಟ್ಟಿರುತ್ತದೆ, ಕಾಲು ಸೋತಿರುತ್ತದೆ. ಡಿಸೆಂಬರಿನಲ್ಲಿ ಅಲ್ಲಿ ಬೇಗ ಹೊತ್ತು ಮುಳುಗುತ್ತದೆ. ಆಗ 200 ಕಿಲೋದ ಗಾಡಿಯನ್ನು ಮೆತ್ತನೆ ಹಿಮದಲ್ಲಿ ತಿರುಗಿಸುವ ಶಕ್ತಿ ಇರುವುದಿಲ್ಲ. ಬೆಳಿಗ್ಗೆ ಕಟ್ಟುವಾಗಲೂ ಈ ಸಂಜೆಯ ಕೈಯನ್ನೇ ನೆನೆದು ಕಟ್ಟಿ. ಆ ಕೈಗೆ ಬಿಚ್ಚಲು, ಮತ್ತೆ ಕಟ್ಟಲು ಬರುವಂತಿರಬೇಕು.

ಯಾರದಾದರೂ ಗಾಡಿ ಇಳಿಜಾರಿನಲ್ಲಿ ಹೂತು ನಿಂತರೆ, ಸಹಾಯಕ್ಕೆ ಅಂತ ಇನ್ನೊಂದು ಗಾಡಿ ಹತ್ತಿಸಿಕೊಂಡು ಹೋಗಬೇಡಿ. ಅಪಾಯದ ಇಳಿಜಾರಿನಲ್ಲಿ ಒಂದು ಸಲಕ್ಕೆ ಒಬ್ಬರೇ. ಉಳಿದವರು ಸುರಕ್ಷಿತ ಜಾಗದಿಂದ ನೋಡುತ್ತಿರಬೇಕು.

ಎಲ್ಲಿ ಬೇಕಾದರೂ ಓಡಿಸಬಹುದಾ?

ಇಲ್ಲ. ಬ್ರಿಟಿಷ್ ಕೊಲಂಬಿಯಾದಲ್ಲಿ ಸರ್ಕಾರಿ ಜಾಗದಲ್ಲಿ ಓಡಿಸುವ ಗಾಡಿಗೆ ನೋಂದಣಿ ಬೇಕು. ಕ್ಯಾರಿಬೂ ಅನ್ನುವ ಸಾರಂಗ ಚಳಿಗಾಲ ಕಳೆಯುವ ಎಷ್ಟೋ ಬೆಟ್ಟಗಳನ್ನು ಗಾಡಿಗಳಿಗೆ ಮುಚ್ಚಿದ್ದಾರೆ. ಅಳಿವಿನಂಚಿನ ಪ್ರಾಣಿ. ನಮ್ಮ ಕಾಡಿನ ಸಿಂಗಳೀಕದ ಬಗ್ಗೆ ನಮಗೆ ಎಷ್ಟು ಕಾಳಜಿ ಇದೆಯೋ ಅಲ್ಲಿಯವರಿಗೆ ಅದರ ಬಗ್ಗೆ ಅಷ್ಟೇ ಇದೆ. ನಕ್ಷೆ ನೋಡಿ ಹೋಗಿ.

ಇದನ್ನೆಲ್ಲ ನಮ್ಮ ದೇಶದಲ್ಲೇ, ಗುಲ್ಮರ್ಗ್‌ನಲ್ಲಿ ಮಾಡಬಹುದಲ್ವಾ?

ಸ್ಕೀ ಮಾಡಬಹುದು, ಅದ್ಭುತ ಜಾಗ. ಸ್ನೋಮೊಬೈಲೂ ಇದೆ, ಆದರೆ ಹೆಚ್ಚಾಗಿ ಪ್ರವಾಸಿಗರನ್ನು ಒಂದು ಸುತ್ತು ಕರೆದುಕೊಂಡು ಹೋಗಲಿಕ್ಕೆ. ಸ್ಕೀಯವರಿಗೆ ಅಲ್ಲಿ ಗೊಂಡೊಲಾ, ಅಂದರೆ ಕೇಬಲ್ ಕಾರ್ ಇದೆ, ಅಫರ್ವತ್ ಬೆಟ್ಟದ ಮೇಲೆ ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ದು ಬಿಡುತ್ತದೆ. ಕಲಿಯುವವರು ಅಲ್ಲೇ ಶುರು ಮಾಡಿದರೆ ನನಗಂತೂ ಖುಷಿ. ಹಿಮವೇ ಬೀಳದ ನಾಡಿನವರಿಗೆ ಇದು ಒಗ್ಗುತ್ತದಾ ಅನ್ನುವವರಿಗೆ ನಾನು ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರು ಹೇಳುತ್ತೇನೆ. ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಅವರು ದೇಶದ ಪರವಾಗಿ ಸ್ಪರ್ಧಿಸಿದ್ದಾರೆ. ಗೊಂಡೊಲಾದ ಮೇಲೆ, ಸ್ಕೀ ಕಾವಲಿನವರು ನೋಡಿಕೊಳ್ಳುವ ಜಾಗದ ಆಚೆ ಕಾಲಿಟ್ಟರೆ ಮಾತ್ರ ಬೀಕನ್, ಕೋಲು, ಸಲಿಕೆಯ ಮಾತು ಅಲ್ಲಿಗೂ ಒಂದೇ.

ಮಗಳು ಮುಂದಿನ ವಾರ ಹೋಗ್ತೇನೆ ಅಂತಿದ್ದಾಳೆ. ಕಳಿಸಬಹುದಾ? ಏನು ಕೇಳಬೇಕು ನಾವು?

ಕುಮಟಾದ ಒಬ್ಬ ಅಕ್ಕ ನನ್ನ ಮನೆ ಜಗಲಿಯಲ್ಲಿ ಕೂತು ಕೇಳಿದ ಪ್ರಶ್ನೆ ಇದು. ಕಳಿಸಬಹುದು ಅಂದೆ. ಬೇಡ ಅಂದರೆ ಹೇಳದೆ ಹೋಗುತ್ತಾರೆ, ಅದು ಇನ್ನೂ ಕೆಟ್ಟದ್ದು. ಇಷ್ಟು ಕೇಳಿ ಅಂದೆ. ಹಿಮಕುಸಿತದ ತರಬೇತಿ ಎರಡು ದಿನದ್ದಾದರೂ ಆಗಿದೆಯಾ? ಆ ದಿನದ ಅಪಾಯದ ಮಟ್ಟ ಎಷ್ಟು? ಅವಲಾಂಚ್ ಕ್ಯಾನಡಾ ಸಂಸ್ಥೆ ಚಳಿಗಾಲದಲ್ಲಿ ಒಂದರಿಂದ ಐದರವರೆಗಿನ ಅಳತೆಯಲ್ಲಿ ದಿನಾ ಹೇಳುತ್ತದೆ. ಮೂರು ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಕಡಿದಾದ ಇಳಿಜಾರಿಗೆ ಹೋಗುವುದಿಲ್ಲ ಅಂತ ಅವಳ ಬಾಯಿಂದಲೇ ಬರಲಿ. ಎಷ್ಟು ಗಾಡಿ ಹೋಗುತ್ತಿವೆ? ಒಂದೇ ಆದರೆ ಬೇಡ, ಕೆಟ್ಟು ನಿಂತರೆ ನಡೆದು ಬರಲಾಗುವುದಿಲ್ಲ. ಫೋನ್ ಸಿಗದ ಜಾಗಕ್ಕೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರ ಗುಂಪಿನಲ್ಲಿ ಯಾರ ಹತ್ತಿರ ಇದೆ? ಯಾವ ರಸ್ತೆ, ಎಷ್ಟು ಗಂಟೆಗೆ ವಾಪಸು, ಬಾರದಿದ್ದರೆ ಅಲ್ಲಿ ಯಾರು ಪೊಲೀಸರಿಗೆ ಹೇಳುತ್ತಾರೆ?

ಆಗ ಅಲ್ಲಿ ಸಂಜೆ 5 ಗಂಟೆ ಅಂದರೆ ಇಲ್ಲಿ ಮರುದಿನ ಬೆಳಿಗ್ಗೆ 6:30 ಆಗುತ್ತಿತ್ತು. ಕಾರಿನ ಹತ್ತಿರ ಬಂದ ಕೂಡಲೇ ಒಂದು ಸಂದೇಶ ಹಾಕುವುದು ಅಂತ ಅಮ್ಮ ಮಗಳು ಮಾತಾಡಿಕೊಂಡರು. ಆ ಭಾನುವಾರ ಬೆಳಿಗ್ಗೆ ಅಕ್ಕ ದೋಸೆ ಕಲ್ಲು ಒಲೆಯ ಮೇಲಿಟ್ಟು ಫೋನ್ ಪಕ್ಕದಲ್ಲೇ ಇಟ್ಟುಕೊಂಡಿದ್ದರಂತೆ. 6:40ಕ್ಕೆ ಬಂತು: "ಕೆಳಗೆ ಬಂದ್ವಿ ಅಮ್ಮ, ಎಲ್ಲರೂ."